ವಹಿವಾಟು ಎಂದರೆ ಆದಾಯವಲ್ಲ

‘ವಾರ್ಷಿಕ ಆದಾಯ 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ’ ಎಂಬ ವಾಕ್ಯ ಕನ್ನಡದಲ್ಲಿ ಎಷ್ಟು ಸಲ ಅಚ್ಚಾಗಿದೆಯೋ ಅಷ್ಟೂ ಸಲ ತಪ್ಪಾಗಿಯೇ ಅಚ್ಚಾಗಿದೆ. ಅಲ್ಲಿರಬೇಕಾದ ಪದ ವಹಿವಾಟು. ನೌಕರಿಯಲ್ಲಿದ್ದುಕೊಂಡೇ ಸ್ವಂತ ಉದ್ಯೋಗ ಆರಂಭಿಸುವವರಿಗೆ ಈ ಅದಲುಬದಲಿನಿಂದ ಆಗುವ ತೊಂದರೆ ಸಣ್ಣದಲ್ಲ. 16 ಲಕ್ಷ ಸಂಬಳದವರು 5 ಲಕ್ಷದ ಟ್ಯೂಷನ್ ಶುಲ್ಕವನ್ನು ಅದಕ್ಕೆ ಕೂಡಿಸಿ, 21 ಲಕ್ಷವಾಯಿತೆಂದು ಬೇಡದ ನೋಂದಣಿಗೆ ಓಡುತ್ತಾರೆ. 25 ಲಕ್ಷದ ಗುತ್ತಿಗೆ ಕೆಲಸ ಮಾಡಿ 3 ಲಕ್ಷ ಉಳಿಸಿಕೊಂಡವರು ತಮಗೆ ಈ ಕಾನೂನು ತಗಲುವುದೇ ಇಲ್ಲವೆಂದು ನಿಶ್ಚಿಂತರಾಗಿರುತ್ತಾರೆ.

ವಹಿವಾಟು ನಮಗೆ ಮರಾಠಿಯ ಆಡಳಿತ ಭಾಷೆಯಿಂದ ಬಂದ ಪದ. ‘ದಿನವಹಿ’ಯಲ್ಲಿರುವ ವಹಿ, ಅಂದರೆ ಲೆಕ್ಕದ ಪುಸ್ತಕ, ಇಲ್ಲಿಯೂ ಇದೆಯೆಂದು ಊಹಿಸುವುದು ಸಹಜವಾದರೂ ಪದದ ಹಳೆಯ ಬಳಕೆ ಬೇರೆಯೇ ದಿಕ್ಕನ್ನು ತೋರಿಸುತ್ತದೆ. ಮರಾಠಿಯಲ್ಲಿ ‘ವಹಿವಾಟ್’ ಎಂದರೆ ರೂಢಿ, ಬಳಕೆ, ನಡೆಸಿಕೊಂಡು ಹೋಗುವುದು. ಉತ್ತರ ಕರ್ನಾಟಕದ ಜಮೀನಿನ ಪತ್ರಗಳಲ್ಲಿ ಇಂದಿಗೂ ಸಿಗುವ ‘ಕಬ್ಜೆ ವಹಿವಾಟಿನಲ್ಲಿದೆ’ ಎಂಬ ಒಕ್ಕಣೆಯಲ್ಲಿ ಆ ಅರ್ಥ ಹಾಗೆಯೇ ಉಳಿದಿದೆ: ಹೊಲವನ್ನು ಯಾರು ಉಳುತ್ತಿದ್ದಾರೆ, ಯಾರು ನಡೆಸುತ್ತಿದ್ದಾರೆ ಎಂಬುದನ್ನಷ್ಟೇ ಅದು ಹೇಳುತ್ತದೆ, ಆ ಹೊಲದಲ್ಲಿ ವರ್ಷಕ್ಕೆ ಎಷ್ಟು ಉಳಿಯಿತೆಂಬುದನ್ನಲ್ಲ. ವ್ಯಾಪಾರಕ್ಕೆ ಬಂದಾಗಲೂ ಪದದ ಜಾಯಮಾನ ಬದಲಾಗಲಿಲ್ಲ. ಎಷ್ಟು ವ್ಯವಹಾರ ನಡೆಯಿತು ಎಂಬುದೇ ವಹಿವಾಟು, ಲಾಭ ನಷ್ಟದ ಮಾತು ಅದರೊಳಗೆ ಇಲ್ಲವೇ ಇಲ್ಲ. ಆದಾಯವಾದರೋ ತೆಗೆದುಕೊಳ್ಳುವುದೆಂಬ ಅರ್ಥದ ಸಂಸ್ಕೃತ ಮೂಲದ್ದು; ಮಾತಿನಲ್ಲಿ ಅದು ಕೈಗೆ ಬಂದದ್ದೆಲ್ಲವನ್ನೂ ಸೂಚಿಸಿದರೂ ತೆರಿಗೆಯ ಲೆಕ್ಕದಲ್ಲಿ ಖರ್ಚು ಕಳೆದ ಮೇಲೆ ಉಳಿಯುವುದಕ್ಕೆ ಮಾತ್ರ ಸಲ್ಲುತ್ತದೆ. ಸಂಬಳದಾರರೇ ಹೆಚ್ಚಾಗಿ ಎಡವುವುದಕ್ಕೆ ಕಾರಣವೂ ಇಲ್ಲಿದೆ. ಸಂಬಳದಲ್ಲಿ ಬಂಡವಾಳದ ಖರ್ಚೆಂಬುದಿಲ್ಲ, ಆದ್ದರಿಂದ ಬಂದದ್ದಕ್ಕೂ ಉಳಿದದ್ದಕ್ಕೂ ಬೇರೆ ಬೇರೆ ಹೆಸರು ಬೇಕೆಂದು ಅವರಿಗೆ ಅನ್ನಿಸಿರುವುದೇ ಇಲ್ಲ.

2017ರ ಜಿಎಸ್‌ಟಿ ಕಾಯ್ದೆಯ ‘ಒಟ್ಟು ವಹಿವಾಟು’ ಎಂಬುದರಲ್ಲಿ ಒಂದೇ ಪ್ಯಾನ್ ಸಂಖ್ಯೆಯಡಿ ದೇಶದಾದ್ಯಂತ ನಡೆಸಿದ ತೆರಿಗೆಯುಕ್ತ ಪೂರೈಕೆ (ಅಂದರೆ ಸರಕಿನ ಮಾರಾಟ ಅಥವಾ ಸೇವೆ), ವಿನಾಯಿತಿಯ ಪೂರೈಕೆ, ಹೊರರಾಜ್ಯದ ಪೂರೈಕೆ ಮತ್ತು ರಫ್ತು ಎಲ್ಲವೂ ಸೇರುತ್ತವೆ. ಸಂಬಳ ಸೇರುವುದಿಲ್ಲ. ನೌಕರರು ಉದ್ಯೋಗದಾತರಿಗೆ ಉದ್ಯೋಗದ ಭಾಗವಾಗಿ ಸಲ್ಲಿಸುವ ಸೇವೆಯನ್ನು ಕಾಯ್ದೆಯ ಮೂರನೇ ಅನುಸೂಚಿ ಪೂರೈಕೆಯೆಂದೇ ಪರಿಗಣಿಸುವುದಿಲ್ಲ. ಸಂಬಳ 15 ಲಕ್ಷವಿರಲಿ, 50 ಲಕ್ಷವಿರಲಿ, ಜಿಎಸ್‌ಟಿ ಮಿತಿಯ ಲೆಕ್ಕದಲ್ಲಿ ಅದರ ಬೆಲೆ ಸೊನ್ನೆ.

ಮೈಸೂರಿನ ಒಂದು ಕಂಪನಿಯಲ್ಲಿ 15 ಲಕ್ಷ ಸಂಬಳಕ್ಕಿದ್ದು, ವಾರಾಂತ್ಯದಲ್ಲಿ ಒಳಾಂಗಣ ವಿನ್ಯಾಸ ಮಾಡಿ ವರ್ಷಕ್ಕೆ 6 ಲಕ್ಷ ಶುಲ್ಕ ಪಡೆಯುವ, ಜೊತೆಗೆ ಮನೆಯೊಂದನ್ನು ವಾಸಕ್ಕೆ ಕೊಟ್ಟು 1.8 ಲಕ್ಷ ಬಾಡಿಗೆ ಪಡೆಯುವವರನ್ನು ಊಹಿಸಿಕೊಳ್ಳಿ. ಅವರ ಒಟ್ಟು ವಹಿವಾಟು 7.8 ಲಕ್ಷ. ವಾಸದ ಮನೆಯ ಬಾಡಿಗೆಗೆ ತೆರಿಗೆ ವಿನಾಯಿತಿ ಇದ್ದರೂ ವಹಿವಾಟಿನ ಮೊತ್ತಕ್ಕೆ ಅದು ಸೇರುತ್ತದೆ, ಇದನ್ನು ಬಹಳ ಮಂದಿ ಮರೆಯುತ್ತಾರೆ. ಸೇವೆಗೆ ಮಿತಿ 20 ಲಕ್ಷವಾದ್ದರಿಂದ ಜಿಎಸ್‌ಟಿ ನೋಂದಣಿ ಬೇಡ. ಆದಾಯ ತೆರಿಗೆ ಇಲಾಖೆ ಕೇಳುವ ಪ್ರಶ್ನೆಯೇ ಬೇರೆ. 2025–26ರ ಹಣಕಾಸು ವರ್ಷದವರೆಗಿನ ಆದಾಯಕ್ಕೆ ಅನ್ವಯವಾಗುವ 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಒಳಾಂಗಣ ವಿನ್ಯಾಸ 44ಎಡಿಎ ಕಲಮಿನ ವೃತ್ತಿಗಳಲ್ಲಿ ಒಂದು. ಅದರಂತೆ ಶುಲ್ಕದ ಅರ್ಧವನ್ನು, ಅಂದರೆ 3 ಲಕ್ಷವನ್ನು, ಆದಾಯವೆಂದು ತೋರಿಸಬಹುದು. ಬಾಡಿಗೆಯಲ್ಲಿ ಶೇ 30 ಕಳೆದು 1.26 ಲಕ್ಷ, ಸಂಬಳದಲ್ಲಿ 75 ಸಾವಿರ ಕಳೆದು 14.25 ಲಕ್ಷ, ಎಲ್ಲ ಸೇರಿ 18.51 ಲಕ್ಷ. 2025–26ರ ಹಣಕಾಸು ವರ್ಷದ ಹೊಸ ತೆರಿಗೆ ಪದ್ಧತಿಯ ದರದಲ್ಲಿ, ಬರೀ ಸಂಬಳಕ್ಕೆ ಬೀಳುತ್ತಿದ್ದ ತೆರಿಗೆಗಿಂತ ಸೆಸ್ ಸೇರಿ 79,508 ರೂಪಾಯಿ ಹೆಚ್ಚು ಕಟ್ಟಬೇಕಾಗುತ್ತದೆ. ಗಿರಾಕಿಗಳೆಲ್ಲ ಕಂಪನಿಗಳೇ ಆಗಿದ್ದು ಶುಲ್ಕದಲ್ಲಿ ಶೇ 10 ತೆರಿಗೆಯನ್ನು ಮೂಲದಲ್ಲೇ (ಟಿಡಿಎಸ್) ಹಿಡಿದಿದ್ದರೂ 19,508 ರೂಪಾಯಿ ಬಾಕಿ ಉಳಿಯುತ್ತದೆ. ಬಾಕಿ 10 ಸಾವಿರ ಮುಟ್ಟಿದರೆ ಮುಂಗಡ ತೆರಿಗೆ ಅನ್ವಯವಾಗುವುದರಿಂದ ಅದನ್ನು ಮಾರ್ಚ್ 15ರೊಳಗೆ ಕಟ್ಟಬೇಕು. ‘ಟಿಡಿಎಸ್ ಹಿಡಿದಾಯಿತು, ತೆರಿಗೆ ಮುಗಿಯಿತು’ ಎನ್ನುವವರು ಈ ಒಂದು ಲೆಕ್ಕವನ್ನಾದರೂ ಕಾಗದದ ಮೇಲೆ ಮಾಡಿ ನೋಡಬೇಕು. ರಿಟರ್ನ್ಸ್ ಕೂಡ ಐಟಿಆರ್–1 ನಮೂನೆಯಲ್ಲಿ ಸಲ್ಲದು, ಐಟಿಆರ್–4 ಬೇಕು.

ಸರಕು ಮಾರುವವರ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ಬರೀ ಸರಕನ್ನು, ಅದೂ ಕರ್ನಾಟಕದೊಳಗೇ ಮಾರಿದರೆ ಮಿತಿ 40 ಲಕ್ಷ. ಇದು 2019ರ ಏಪ್ರಿಲ್ 1ರಿಂದ ಇದೆ. 22 ಲಕ್ಷಕ್ಕೆ ಸಿದ್ಧ ಉಡುಪು ಕೊಂಡು 25 ಲಕ್ಷಕ್ಕೆ ಮಾರಿದವರಿಗೆ ನೋಂದಣಿ ಬೇಡದಿರುವುದು ವಹಿವಾಟು 40 ಲಕ್ಷದೊಳಗಿದೆ ಎಂಬ ಕಾರಣಕ್ಕೇ ಹೊರತು ಲಾಭ 3 ಲಕ್ಷ ಮಾತ್ರ ಎಂಬ ಕಾರಣಕ್ಕಲ್ಲ. ಅವರೇ ರವಿಕೆ ಹೊಲಿದುಕೊಟ್ಟು ಕೂಲಿ ಪಡೆಯತೊಡಗಿದರೆ ‘ಬರೀ ಸರಕು’ ಎಂಬ ಷರತ್ತು ಮುರಿದು ಮಿತಿ 20 ಲಕ್ಷಕ್ಕೆ ಇಳಿಯುತ್ತದೆ, 25 ಲಕ್ಷದ ವಹಿವಾಟು ಆಗ ನೋಂದಣಿಯನ್ನು ಬೇಡುತ್ತದೆ. ಒಂದು ಪೊಟ್ಟಣ ಸೊಲ್ಲಾಪುರದ ಗಿರಾಕಿಗೆ ಹೋದರಂತೂ ಮಿತಿಯ ಮಾತೇ ಇಲ್ಲ. ಹೊರರಾಜ್ಯಕ್ಕೆ ಇಂಥ ಸರಕು ಮಾರುವವರಿಗೆ ಮೊದಲ ರೂಪಾಯಿಯಿಂದಲೇ ನೋಂದಣಿ ಕಡ್ಡಾಯ. ಸೇವೆಗೆ ಈ ನಿರ್ಬಂಧವಿಲ್ಲ.

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳನ್ನು ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿದಾಗ ಮೂರನೆಯ ಗೊಂದಲವೊಂದು ಹುಟ್ಟಿತು: ಖಾತೆಗೆ ಬಿದ್ದದ್ದೆಲ್ಲ ವಹಿವಾಟು ಎಂಬುದು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷಗಳ 1.63 ಕೋಟಿ ರೂಪಾಯಿ ಜಮೆಗೆ 29 ಲಕ್ಷ ಕಟ್ಟಬೇಕೆಂಬ ನೋಟಿಸ್ ಬಂತು. ತಾಜಾ ತರಕಾರಿಗೆ ಜಿಎಸ್‌ಟಿ ಇಲ್ಲ, ವಿನಾಯಿತಿ ಇರುವ ಸರಕನ್ನಷ್ಟೇ ಮಾರುವವರಿಗೆ ವಹಿವಾಟು ಎಷ್ಟಾದರೂ ನೋಂದಣಿಯ ಹೊಣೆಯೂ ಇಲ್ಲ. ಇನ್ನು ತಮ್ಮ ತೀರಿಸಿದ ಸಾಲ, ಅಕ್ಕ ಕಳುಹಿಸಿದ ಹಣ, ಬಂದ ಸಂಬಳ ಇವು ಖಾತೆಯಲ್ಲಿದ್ದರೂ ವಹಿವಾಟಲ್ಲ. ಇತ್ತ ಗಿರಾಕಿ ಕೈಗೆ ಕೊಟ್ಟ ನಗದು ಖಾತೆಗೆ ಬೀಳದಿದ್ದರೂ ವಹಿವಾಟೇ. ಯುಪಿಐ ಬಿಟ್ಟು ನಗದಿಗೆ ಹೊರಳಿದರೆ ವಹಿವಾಟು ಕಡಿಮೆಯಾಗುತ್ತದೆಂಬ ನಂಬಿಕೆಗೆ ಕಾನೂನಿನಲ್ಲಿ ಯಾವ ಆಧಾರವೂ ಇಲ್ಲ. ಸ್ವಂತ ಕೆಲಸದ ಹಣಕ್ಕೆ ಪ್ರತ್ಯೇಕ ಖಾತೆ ಇಟ್ಟುಕೊಂಡರೆ ಇದನ್ನು ವಿವರಿಸುವುದು ಸುಲಭ.

ಸಣ್ಣ ಉದ್ದಿಮೆಗಳಿಗಾಗಿ ಕೇಂದ್ರ ಸರ್ಕಾರ ಇಟ್ಟಿರುವ ಉದ್ಯಮ್ ನೋಂದಣಿ ಉಚಿತವಾದ ಸ್ವಯಂ ಘೋಷಣೆ, ಅದು ಜಿಎಸ್‌ಟಿ ನೋಂದಣಿಯ ಬದಲಿಯಲ್ಲ. ಮನೆಯಲ್ಲೇ ಚಕ್ಕುಲಿ, ಉಪ್ಪಿನಕಾಯಿ ಮಾಡಿ ಮಾರುವವರಿಗೆ ವಹಿವಾಟು ಎಷ್ಟೇ ಕಡಿಮೆಯಿದ್ದರೂ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ಜಿಎಸ್‌ಟಿ ಮಿತಿ ದಾಟಿದವರು ನೋಂದಣಿಯ ಹೊಣೆ ಬಂದ ದಿನದಿಂದ 30 ದಿನಗಳೊಳಗೆ ಅರ್ಜಿ ಹಾಕಬೇಕು. ಮಿತಿ ದಾಟುವ ಮೊದಲೇ ಸ್ವಇಚ್ಛೆಯಿಂದ ನೋಂದಣಿ ಮಾಡಿಸಿಕೊಂಡವರಿಗೆ 20 ಲಕ್ಷದ ರಕ್ಷಣೆ ಇರುವುದಿಲ್ಲ: ತೆರಿಗೆಯುಕ್ತ ಕೆಲಸದ ಮೊದಲ ಬಿಲ್ಲಿನಿಂದಲೇ ತೆರಿಗೆ ಹಾಕಬೇಕು, ಕೆಲಸವೇ ಇಲ್ಲದ ಅವಧಿಗೂ ಶೂನ್ಯ ರಿಟರ್ನ್ಸ್ ಸಲ್ಲಿಸಬೇಕು.