ಪ್ರೋಗ್ರಾಮರ್, ಕಂಪ್ಯೂಟರ್ ವಿಜ್ಞಾನಿ, ಸಾಫ್ಟ್‌ವೇರ್ ಇಂಜಿನಿಯರ್: ಮೂವರೂ ಒಂದೇನಾ?

ಪ್ರಶ್ನೆ: ಪಿಯುಸಿ ಮುಗಿಸಿ ಕಂಪ್ಯೂಟರ್ ಸೈನ್ಸ್‌ಗೆ ಸೇರಿದ್ದೇನೆ. ಮುಂದೆ ನಾನು ಪ್ರೋಗ್ರಾಮರ್ ಆಗ್ತೀನಾ, ವಿಜ್ಞಾನಿಯಾ, ಇಂಜಿನಿಯರಾ? ಎಲ್ಲಾ ಒಂದೇ ಅಲ್ವಾ?

ಉತ್ತರ: ಒಂದೇ ಅಲ್ಲ. ಆದರೆ ಕಂಪನಿಗಳು ಕೊಡುವ ಹುದ್ದೆಯ ಹೆಸರು ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ. ಬೈನರಿ ಸರ್ಚ್ ಎಂಬ ಹುಡುಕುವ ವಿಧಾನವನ್ನೇ ತಗೊಳ್ಳಿ, ಮೊದಲ ವರ್ಷದಲ್ಲೇ ಕಲಿಸುತ್ತಾರೆ.

ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ 100 ಕೋಟಿ ಸಂಖ್ಯೆಗಳಲ್ಲಿ ಒಂದನ್ನು ಹುಡುಕಬೇಕು. ನಡುವಿನದನ್ನು ನೋಡಿ, ಬೇಡದ ಅರ್ಧ ಬಿಡಿ. ಉಳಿದುದರಲ್ಲಿ ಮತ್ತೆ ಹಾಗೇ ಮಾಡಿ. ಹೆಚ್ಚೆಂದರೆ 30 ಸಲ ನೋಡಿದರೆ ಸಾಕು. ಯಾಕೆ 30? ಇನ್ನೂ ಕಡಿಮೆಯಲ್ಲಿ ಆಗುತ್ತಾ? ಆಗಲ್ಲ ಅಂತ ಸಾಬೀತು ಮಾಡೋದು ಹೇಗೆ? ಇದು ಕಂಪ್ಯೂಟರ್ ವಿಜ್ಞಾನ. ಇದಕ್ಕೆ ಪೆನ್ನು, ಕಾಗದವೂ ಸಾಕು.

ಅದನ್ನೇ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯಲು ಕೂತವರು ಪ್ರೋಗ್ರಾಮರ್. ನಡುವಿನ ಜಾಗ ಸಿಗಬೇಕಾದರೆ ಮೊದಲ ಮತ್ತು ಕೊನೆಯ ಜಾಗದ ಸಂಖ್ಯೆ ಕೂಡಿಸಿ ಎರಡರಿಂದ ಭಾಗಿಸಬೇಕು. ಸುಲಭ ಅನಿಸುತ್ತೆ. ಆದರೆ ಜಾವಾದ 32 ಬಿಟ್‌ ಪೂರ್ಣಾಂಕದಲ್ಲಿ ಸುಮಾರು 214 ಕೋಟಿಗಿಂತ ದೊಡ್ಡದು ಹಿಡಿಸುವುದಿಲ್ಲ. ನಮ್ಮ 100 ಕೋಟಿಯ ಪಟ್ಟಿಗೆ ತೊಂದರೆಯಿಲ್ಲ. ಪಟ್ಟಿ 107 ಕೋಟಿ ದಾಟಿದರೆ ಮೊತ್ತ ಉಕ್ಕಿ ಮೈನಸ್ ಸಂಖ್ಯೆಯಾಗಿಬಿಡಬಹುದು. ಆಗ ಹುಡುಕಾಟ ಕೆಡುತ್ತದೆ. ಜಾವಾದ ಜೊತೆಗೇ ಬರುವ ಲೈಬ್ರರಿಯಲ್ಲಿ, ಅಂದರೆ ಸಿದ್ಧ ಕೋಡ್‌ನ ಸಂಗ್ರಹದಲ್ಲಿ, ಈ ತಪ್ಪು ವರ್ಷಗಟ್ಟಲೆ ಇತ್ತು. ಅಷ್ಟು ದೊಡ್ಡ ಪಟ್ಟಿ ಯಾರ ಹತ್ತಿರವೂ ಇರುತ್ತಿದ್ದುದು ಅಪರೂಪ, ಹಾಗಾಗಿ ಕಣ್ಣಿಗೆ ಬೀಳಲಿಲ್ಲ. ಆ ಕೋಡ್ ಬರೆದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ಇದನ್ನು ಬಿಡಿಸಿ ಬರೆದರು. ಅವರ ಪ್ರಾಮಾಣಿಕತೆ ನನಗೆ ತುಂಬಾ ಇಷ್ಟ.

ಸಾಲು ತಿದ್ದಲು ಒಂದು ನಿಮಿಷ ಸಾಕು. ಆದರೆ ಆ ಲೈಬ್ರರಿಯನ್ನು ನೆಚ್ಚಿಕೊಂಡ ಪ್ರೋಗ್ರಾಮ್‌ಗಳು ಲೆಕ್ಕವಿಲ್ಲದಷ್ಟಿವೆ. ಬದಲಾವಣೆಯಿಂದ ಬೇರೆ ಏನಾದರೂ ಕೆಡುತ್ತಾ? ಹಳೇ ಆವೃತ್ತಿ ಬಳಸುವವರ ಗತಿಯೇನು? ಇದೇ ತಪ್ಪು ಮತ್ತೆ ನುಸುಳದಂತೆ ಯಾವ ಟೆಸ್ಟ್ ಬರೆಯಬೇಕು? ಇಲ್ಲಿಂದ ಸಾಫ್ಟ್‌ವೇರ್ ಇಂಜಿನಿಯರಿಂಗ್ ಶುರು. ದೊಡ್ಡ ಪ್ರಾಜೆಕ್ಟ್‌ಗಳು ಖರ್ಚು, ಗಡುವು ಎರಡನ್ನೂ ಮೀರುತ್ತಿದ್ದ ಕಾಲದಲ್ಲಿ, 1968ರಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನಡೆದ ನೇಟೋ ಸಮ್ಮೇಳನದಿಂದ ಈ ಹೆಸರು ಚಾಲ್ತಿಗೆ ಬಂತು.

ಇನ್ನು ನಿಮ್ಮ ವಿಷಯ. ಸಾಬೀತು ಮಾಡುವುದರಲ್ಲೇ ಖುಷಿ ಸಿಕ್ಕರೆ ಗಣಿತ ಗಟ್ಟಿ ಮಾಡಿಕೊಳ್ಳಿ, ಎಂ.ಟೆಕ್, ಪಿಎಚ್‌ಡಿ ಕಡೆ ನೋಡಿ. ಬೆಂಗಳೂರಿನ ಐಐಎಸ್‌ಸಿ ಇದೆಯಲ್ಲ. ಕೆಲಸಕ್ಕೆ ಸೇರುವುದಾದರೆ ಯಾವ ಹೆಸರು ಕೊಟ್ಟರೂ ಮೊದಲು ನೀವು ಪ್ರೋಗ್ರಾಮರ್. ಇಂಜಿನಿಯರಿಂಗ್ ಮಾತ್ರ ಬೇರೆಯವರ ಹಳೇ ಕೋಡ್ ತಿದ್ದುತ್ತಲೇ ಬರಬೇಕು ಅನ್ನೋದು ನನ್ನ ನಂಬಿಕೆ. ಅದಕ್ಕೇ ಎರಡನೇ ವರ್ಷದಲ್ಲೇ ಯಾವುದಾದರೂ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ) ಪ್ರಾಜೆಕ್ಟ್‌ನಲ್ಲಿ ಒಂದು ಸಣ್ಣ ಬಗ್ ಸರಿಪಡಿಸಿ ಕಳಿಸಿ.