ಸ್ವರ ನಿಂತದ್ದು ಎಲ್ಲಿ? ಮನೆಯ ಕಂಪ್ಯೂಟರಿನ ಮೈಕ್ ಕುರಿತು ಅಧ್ಯಯನ ಟಿಪ್ಪಣಿ

ಮೈಕ್ ಕೆಲಸ ಮಾಡುತ್ತಿಲ್ಲ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರು ಡ್ರೈವರ್ (ಮೈಕಿನಂಥ ಉಪಕರಣವನ್ನು ಕಂಪ್ಯೂಟರಿಗೆ ಹೊಂದಿಸುವ ತಂತ್ರಾಂಶ) ಕಿತ್ತು ಮತ್ತೆ ಹಾಕಲು ಕೂರುತ್ತಾರೆ. ನನ್ನ ಅನುಭವದಲ್ಲಿ ಅದು ಎಲ್ಲಕ್ಕಿಂತ ಕೊನೆಗೆ ಮಾಡಬೇಕಾದ ಕೆಲಸ. ನಮ್ಮ ಕಾಸರಗೋಡಿನ ಗುಡ್ಡದ ಬದಿಯ ತೋಟಗಳಲ್ಲಿ ಸುರಂಗದ (ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ದಾರಿ) ನೀರು ಅಡಿಕೆ ಬುಡಕ್ಕೆ ಬಾರದಿದ್ದರೆ ಯಾರೂ ಹೊಸ ಸುರಂಗ ಕೊರೆಸಲು ಹೊರಡುವುದಿಲ್ಲ. ಮೊದಲು ಕೆರೆಯ ಹತ್ತಿರ ಹೋಗಿ, ಅಲ್ಲಿಗೆ ನೀರು ಬೀಳುತ್ತಿದೆಯೇ ಎಂದು ನೋಡುತ್ತಾರೆ. ಬೀಳುತ್ತಿದ್ದರೆ ತೊಂದರೆ ಕೆಳಗಿನ ಪೈಪಿನಲ್ಲಿ, ಇಲ್ಲದಿದ್ದರೆ ಮೇಲೆ. ಸ್ವರವೂ ಹಾಗೆಯೇ ಮೈಕ್, ವಯರ್, ಪಿನ್, ಸೌಂಡ್ ಕಾರ್ಡ್, ಆಪರೇಟಿಂಗ್ ಸಿಸ್ಟಂ, ಆಪ್ ಎಂದು ಒಂದೊಂದೇ ಹಂತ ದಾಟಿ ಹರಿದು ಬರುತ್ತದೆ. ಎಲ್ಲಿ ನಿಂತಿದೆ ಎಂದು ಗೊತ್ತಾದರೆ ಮುಕ್ಕಾಲು ಕೆಲಸ ಮುಗಿದಂತೆ.

ನಡುವಿನ ಕೆರೆ

ಕಂಪ್ಯೂಟರಿನಲ್ಲಿ ಆ ಕೆರೆ ಎಂದರೆ ಸ್ವರದ ಮಟ್ಟ ತೋರಿಸುವ ಇನ್‌ಪುಟ್ ಪಟ್ಟಿ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಅದರೊಳಗೆ ಸಿಸ್ಟಂ, ಅದರೊಳಗೆ ಸೌಂಡ್ ತೆರೆದರೆ ಇನ್‌ಪುಟ್ ಭಾಗದಲ್ಲಿ ಒಂದು ಸಣ್ಣ ಪಟ್ಟಿ ಕಾಣುತ್ತದೆ. ಮಾತನಾಡಿದಾಗ ಅದು ಏರಿಳಿಯಬೇಕು. ಶಾಲೆಯ ಲ್ಯಾಬಿನಲ್ಲಿ ಕಲಿತವರಿಗೆ ಉಬುಂಟು ಎಂಬ ಆಪರೇಟಿಂಗ್ ಸಿಸ್ಟಂ ಪರಿಚಯವಿರುತ್ತದೆ. ಅಲ್ಲಿಯೂ ಸೆಟ್ಟಿಂಗ್ಸ್‌ನ ಸೌಂಡ್ ಪುಟದಲ್ಲಿ ಇಂಥದೇ ಪಟ್ಟಿ ಇದೆ.

ಪಟ್ಟಿ ಏರಿಳಿದ ಮಾತ್ರಕ್ಕೆ ಹೆಡ್‌ಸೆಟ್ ಸರಿಯಿದೆ ಎಂದುಕೊಳ್ಳಬೇಡಿ. ಲ್ಯಾಪ್‌ಟಾಪಿನ ಒಳಗೇ ಒಂದು ಮೈಕ್ ಇರುತ್ತದೆ, ವೆಬ್‌ಕ್ಯಾಮಿನಲ್ಲಿ ಇನ್ನೊಂದು ಇರಬಹುದು. ಯಾವುದು ಕೇಳುತ್ತಿದೆ ಎಂದು ತಿಳಿಯಲು ಹೆಡ್‌ಸೆಟ್‌ನ ಮೈಕನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಪಟ್ಟಿ ತಟಕ್ಕನೆ ಮೇಲೆ ಹಾರಿದರೆ ಅದೇ ಮೈಕ್. ಕೆರೆದಾಗ ಸುಮ್ಮನಿದ್ದು ಮಾತನಾಡಿದಾಗ ಮಾತ್ರ ಏರಿದರೆ, ಕೇಳುತ್ತಿರುವುದು ಬೇರೆ ಮೈಕ್. ಆಗ ಇನ್‌ಪುಟ್ ಭಾಗದಲ್ಲಿರುವ ಮೈಕುಗಳ ಹೆಸರುಗಳಲ್ಲಿ ಹೆಡ್‌ಸೆಟ್‌ನದನ್ನು ನಾವೇ ಆರಿಸಬೇಕು.

ಪಟ್ಟಿ ಸರಿಯಾಗಿ ಏರುತ್ತಿದೆ, ಆದರೆ ಆನ್‌ಲೈನ್ ತರಗತಿಯಲ್ಲಿ ಯಾರಿಗೂ ಕೇಳುವುದಿಲ್ಲ ಎಂದಾದರೆ ತೊಂದರೆ ಕೆಳಗಿದೆ. ವಿಂಡೋಸ್ ಸೆಟ್ಟಿಂಗ್ಸ್‌ನ ಪ್ರೈವಸಿ ಪುಟದಲ್ಲಿ ಮೈಕ್ರೊಫೋನ್ ಅನುಮತಿ ನೋಡಿ. ಡೆಸ್ಕ್‌ಟಾಪ್ ಆಪ್‌ಗಳಿಗೆ ಅಲ್ಲಿ ಬೇರೆಯೇ ಒಂದು ಗುಂಡಿ ಇದೆ, ಅದು ಕಣ್ತಪ್ಪುವುದೇ ಹೆಚ್ಚು. ಬ್ರೌಸರಿನಲ್ಲಾದರೆ ವಿಳಾಸದ ಎಡಬದಿಯ ಚಿಹ್ನೆಯನ್ನು ಒತ್ತಿ ಆ ತಾಣಕ್ಕೆ ಮೈಕ್ ಅನುಮತಿ ಕೊಟ್ಟಿದೆಯೇ ಎಂದು ನೋಡಬೇಕು. ಆಪ್‌ನೊಳಗೂ ಮೈಕ್ ಆರಿಸುವ ಜಾಗ ಇರುತ್ತದೆ.

ಪಟ್ಟಿ ಅಲ್ಲಾಡದಿದ್ದರೆ

ವಯರಿನ ನಡುವೆ ಇರುವ ಪುಟ್ಟ ಮ್ಯೂಟ್ ಗುಂಡಿಯನ್ನು ನೋಡಿ. ಕೆಲವು ಲ್ಯಾಪ್‌ಟಾಪ್‌ಗಳ ಕೀಲಿಮಣೆಯಲ್ಲೂ ಮೈಕ್ ಮುಚ್ಚುವ ಕೀಲಿ ಇದೆ. ಆಮೇಲೆ ಪಿನ್ ಹೊರಗೆಳೆದು ಅದರ ಕಪ್ಪು ಉಂಗುರಗಳನ್ನು ಎಣಿಸಿ. ಮೂರು ಉಂಗುರಗಳಿದ್ದರೆ ಪಿನ್‌ನಲ್ಲಿ ನಾಲ್ಕು ಭಾಗಗಳು: ಎಡಕಿವಿ, ಬಲಕಿವಿ, ಗ್ರೌಂಡ್, ಮೈಕ್. ಮೊಬೈಲ್ ಹೆಡ್‌ಸೆಟ್‌ಗಳು ಹೀಗಿರುತ್ತವೆ. ಹಳೆಯ ಡೆಸ್ಕ್‌ಟಾಪಿನಲ್ಲಿ ಸ್ಪೀಕರಿಗೆ ಹಸಿರು ತೂತು, ಮೈಕಿಗೆ ಗುಲಾಬಿ ತೂತು ಎಂದು ಎರಡಿರುತ್ತವೆ. ಮೂರು ಉಂಗುರದ ಪಿನ್ನನ್ನು ಹಸಿರಿಗೆ ಹಾಕಿದರೆ ಹಾಡು ಕೇಳುತ್ತದೆ, ಮೈಕ್ ಮಾತ್ರ ಸತ್ತಂತಿರುತ್ತದೆ. ಇದಕ್ಕೆ ಒಂದನ್ನು ಎರಡಾಗಿ ಒಡೆಯುವ ಸ್ಪ್ಲಿಟರ್ ವಯರ್ ಸಿಗುತ್ತದೆ. ಎರಡೂ ಕವಲಿನಲ್ಲಿ ಸ್ಪೀಕರೇ ಬರುವ ಸ್ಪ್ಲಿಟರ್ ಕೂಡ ಅಂಗಡಿಯಲ್ಲಿ ಇರುತ್ತದೆ. ಒಂದು ಕವಲಿನ ಮೇಲೆ ಮೈಕಿನ ಚಿತ್ರ ಇರುವುದನ್ನೇ ಕೇಳಿ ತನ್ನಿ.

ನಮ್ಮ ಮಳೆಗಾಲದ ತೇವಕ್ಕೆ ಪಿನ್ ಕಿಲುಬು ಹಿಡಿಯುತ್ತದೆ. ತಿರುಗಿಸಿದಾಗ ಕರಕರ ಸದ್ದು ಬಂದು ಹೋಗಿ ಆಗುತ್ತಿದ್ದರೆ ಹೆಚ್ಚಾಗಿ ಇದೇ ಕಾರಣ. ಐಸೊಪ್ರೊಪೈಲ್ ಆಲ್ಕೊಹಾಲ್ ಸೋಕಿಸಿದ ಹತ್ತಿಯಿಂದ ಪಿನ್ ಒರೆಸಿ, ಪೂರ್ತಿ ಒಣಗಿದ ಮೇಲೆ ನಾಲ್ಕೈದು ಸಲ ಹಾಕಿ ತೆಗೆದರೆ ತೂತಿನ ಒಳಗಿನ ತಗಡೂ ಉಜ್ಜಿಕೊಳ್ಳುತ್ತದೆ.

ದೊಡ್ಡಮ್ಮನ ಗಮಕ ಮತ್ತು ದೊಡ್ಡ ಮೈಕ್

ಪೆರ್ಲದ ಹತ್ತಿರದ ನಮ್ಮ ದೊಡ್ಡಮ್ಮ ಗಮಕ ವಾಚನ ಮಾಡುತ್ತಾರೆ. ಅವರ ಸ್ವರವನ್ನು ಕಂಪ್ಯೂಟರಿನಲ್ಲಿ ಉಳಿಸಿಡಬೇಕೆಂದು ನಾವು ಹೊರಟಾಗ, ಒಳ್ಳೆಯ ಮೈಕೇ ಇರಲಿ ಎಂದು ಸಭೆಗಳಲ್ಲಿ ಬಳಸುವ ದಪ್ಪ ಮೈಕನ್ನು ಎರವಲು ತಂದು ಗುಲಾಬಿ ತೂತಿಗೆ ಹಾಕಿದೆವು. ಕೇಳಿಸಿದಾಗ ದೊಡ್ಡಮ್ಮ, "ಇದು ಬಾವಿಯ ತಳದಿಂದ ಓದಿದ ಹಾಗಿದೆಯಲ್ಲ?" ಎಂದರು. ಮೈಕಿನ ಸ್ವರವನ್ನು ಎತ್ತುವ 'ಮೈಕ್ ಬೂಸ್ಟ್' ಅನ್ನು 20 ಡೆಸಿಬೆಲ್‌ಗೆ ಏರಿಸಿದೆವು. ವೋಲ್ಟೇಜ್ ಲೆಕ್ಕದಲ್ಲಿ ಅದು 10 ಪಟ್ಟು. ಸ್ವರ ಹತ್ತು ಪಟ್ಟಾಯಿತು, ಜೊತೆಗೆ ಹಿಂದಿನ ಸುಯ್ ಸದ್ದೂ ಹತ್ತು ಪಟ್ಟಾಯಿತು.

ಕಾರಣ ತಿಳಿಯಲು ನನಗೆ ಎರಡು ದಿನ ಓದಬೇಕಾಯಿತು. ಸಭೆಯ ಮೈಕ್ ಸಾಮಾನ್ಯವಾಗಿ ಡೈನಮಿಕ್ ಜಾತಿಯದು. ಒಳಗಿನ ಪೊರೆಗೆ ಅಂಟಿದ ಸುರುಳಿ ಅಯಸ್ಕಾಂತದ ನಡುವೆ ಕದಲಿ ಹುಟ್ಟಿಸುವ ವಿದ್ಯುತ್ತು ಬಹಳ ಕ್ಷೀಣ. ಅದನ್ನು ಎತ್ತಿ ಕೊಡುವ ಆಂಪ್ಲಿಫೈಯರ್ ಸಭೆಯಲ್ಲಿ ಇರುತ್ತದೆ, ಕಂಪ್ಯೂಟರಿನಲ್ಲಿ ಅಷ್ಟು ಒಳ್ಳೆಯದು ಇರುವುದಿಲ್ಲ. ಗುಲಾಬಿ ತೂತನ್ನು ರೂಪಿಸಿರುವುದು ಹೆಡ್‌ಸೆಟ್‌ಗಳಲ್ಲಿ ಸಾಮಾನ್ಯವಾಗಿರುವ ಎಲೆಕ್ಟ್ರೆಟ್ ಜಾತಿಯ ಮೈಕಿಗಾಗಿ. 1962ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ ಅದನ್ನು ರೂಪಿಸಿದರು. ಆ ಮೈಕಿನೊಳಗೇ ಸಣ್ಣ ಟ್ರಾನ್ಸಿಸ್ಟರ್ ಇರುತ್ತದೆ, ಅದಕ್ಕೆ ಬೇಕಾದ ಕೆಲವೇ ವೋಲ್ಟ್‌ಗಳನ್ನು ಕಂಪ್ಯೂಟರ್ ಅದೇ ವಯರಿನಲ್ಲಿ ಕಳಿಸುತ್ತದೆ. ಕೊನೆಗೆ ನಮ್ಮ ಕೆಲಸಕ್ಕೆ ಬಂದದ್ದು ತಮ್ಮನ ಸಾಧಾರಣ ಹೆಡ್‌ಸೆಟ್. ಅದರ ಮೈಕನ್ನು ಬಾಯಿಯ ನೇರಕ್ಕೆ ಹಿಡಿಯದೆ ತುಟಿಯ ಅಂಚಿಗೆ ಸರಿಸಿದೆವು. 'ಪ', 'ಭ' ಅಕ್ಷರಗಳ ಉಸಿರು ಬಡಿಯುವುದು ನಿಂತಿತು.

ಬೇಡದ ಸದ್ದುಗಳು

ಸ್ವರದ ಹಿಂದೆ ಗುಂಯ್ ಎನ್ನುತ್ತಿದ್ದರೆ ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ನೋಡಿ. ಸದ್ದು ನಿಂತರೆ ಅದು ಹೆಚ್ಚಾಗಿ 50 ಹರ್ಟ್ಸ್ ವಿದ್ಯುತ್ತಿನ ಗುಂಗು, ಅರ್ಥಿಂಗ್ ಸರಿಯಿಲ್ಲದಿರಬಹುದು. ಮಳೆಗಾಲದಲ್ಲಿ ಕರೆಂಟು ಹೋಗಿ ಇನ್ವರ್ಟರಿಗೆ ಬದಲಾದಾಗ ಗುಂಗು ಹೆಚ್ಚುವುದೂ ಉಂಟು. ಅಗ್ಗದ ಇನ್ವರ್ಟರುಗಳ ವಿದ್ಯುತ್ ಅಲೆ ನಯವಾಗಿರುವುದಿಲ್ಲ. ಅಂಥ ಹೊತ್ತಿನಲ್ಲಿ ಬ್ಯಾಟರಿಯಲ್ಲೇ ಧ್ವನಿಮುದ್ರಣ ಮಾಡುವುದು ಒಳ್ಳೆಯದು.

ಕರೆಯಲ್ಲಿ ನಿಮ್ಮದೇ ಸ್ವರ ನಿಮಗೆ ಮರಳಿ ಕೇಳುತ್ತಿದ್ದರೆ ನಿಮ್ಮ ಮೈಕನ್ನು ಬಿಚ್ಚಬೇಡಿ. ಆ ಕಡೆಯವರ ಸ್ಪೀಕರಿನಿಂದ ಹೊರಟ ನಿಮ್ಮ ಮಾತು ಅವರ ಮೈಕಿಗೆ ಬೀಳುತ್ತಿದೆ. ಅವರು ಇಯರ್‌ಫೋನ್ ಹಾಕಿಕೊಂಡರೆ ಸಾಕು. ಕರೆ ಇಲ್ಲದಾಗಲೂ ಸ್ವರ ಮರಳುತ್ತಿದ್ದರೆ ಮೈಕಿನ ಪ್ರಾಪರ್ಟೀಸ್‌ನಲ್ಲಿ 'ಲಿಸನ್' ಪುಟದ ಗುರುತನ್ನು ತೆಗೆಯಿರಿ.

ಬ್ಲೂಟೂತ್ ಹೆಡ್‌ಸೆಟ್‌ನಲ್ಲಿ ಮೈಕ್ ತೆರೆದ ಕ್ಷಣ ಹಾಡು ಹಳೆಯ ಫೋನಿನಂತೆ ಕೇಳುವುದು ಕೆಟ್ಟುಹೋದ ಲಕ್ಷಣವಲ್ಲ. ಎರಡೂ ದಿಕ್ಕಿಗೆ ಸದ್ದು ಸಾಗಿಸಲು ಅದು ಕರೆಯ ವಿಧಾನಕ್ಕೆ ಬದಲಾಗುತ್ತದೆ. ಪಾಠ ಕೇಳುವುದು ಬ್ಲೂಟೂತ್‌ನಲ್ಲಿ, ಮಾತನಾಡುವುದು ಲ್ಯಾಪ್‌ಟಾಪಿನ ಮೈಕಿನಲ್ಲಿ ಎಂದು ಬೇರೆಬೇರೆ ಆರಿಸಿದರೆ ಆಯಿತು.

ಉಬುಂಟುವಿನವರಿಗೆ

ಸೌಂಡ್ ಪುಟದಲ್ಲಿ ಎಲ್ಲ ಸರಿಯಿದ್ದೂ ಪಟ್ಟಿ ಅಲ್ಲಾಡದಿದ್ದರೆ ಟರ್ಮಿನಲ್‌ನಲ್ಲಿ (ಆಜ್ಞೆ ಟೈಪ್ ಮಾಡುವ ಕಿಟಕಿ) 'ಅಲ್ಸಾಮಿಕ್ಸರ್' (alsamixer) ತೆರೆಯಿರಿ. ಎಫ್ 6 ಒತ್ತಿ ಸೌಂಡ್ ಕಾರ್ಡ್ ಆರಿಸಿ, ಎಫ್ 4 ಒತ್ತಿ ಒಳಬರುವ ಸದ್ದಿನ ಪುಟಕ್ಕೆ ಹೋಗಿ. ಕಂಬದ ಬಳಿ 'ಕ್ಯಾಪ್ಚರ್' ಪದ ಕಾಣದಿದ್ದರೆ ಸ್ಪೇಸ್ ಕೀಲಿ ಒತ್ತಬೇಕು.

ಇಷ್ಟೆಲ್ಲ ನೋಡಿಯೂ ಆಗದಿದ್ದರೆ ಅದೇ ಹೆಡ್‌ಸೆಟ್ಟನ್ನು ಮೊಬೈಲಿಗೆ ಹಾಕಿ ಹತ್ತು ಸೆಕೆಂಡು ಮಾತನಾಡಿ, ಕೇಳಿ. ಅಲ್ಲಿಯೂ ಸ್ವರ ಇಲ್ಲದಿದ್ದರೆ ಹೆಡ್‌ಸೆಟ್ ಹೋಗಿದೆ. ಅಲ್ಲಿ ಸ್ಪಷ್ಟವಾಗಿ ಕೇಳಿದರೆ ಮಾತ್ರ, ವಿಂಡೋಸ್‌ನಲ್ಲಾದರೆ ಡಿವೈಸ್ ಮ್ಯಾನೇಜರ್ ತೆರೆದು, ಡ್ರೈವರ್ ಮುಟ್ಟಿ.