ಗೆದ್ದರೂ ಮುಂದಕ್ಕೆ ಕಳಿಸದ ಕಾಲೇಜುಗಳು

ಅಮೆರಿಕದ ಕಾಲೇಜು ಕ್ರೀಡೆ ಅಂದರೆ ಲಕ್ಷ ಜನ ಕೂರುವ ಸ್ಟೇಡಿಯಂ, ಟಿವಿ ಹಕ್ಕು, ಕೋಟಿಗಟ್ಟಲೆ ಡಾಲರ್ ಅಲ್ವಾ? ಅದೇ ದೇಶದ ಈಶಾನ್ಯದಲ್ಲಿ 11 ಸಣ್ಣ ಖಾಸಗಿ ಕಾಲೇಜುಗಳ ಕೂಟವೊಂದಿದೆ: ನ್ಯೂ ಇಂಗ್ಲೆಂಡ್ ಸ್ಮಾಲ್ ಕಾಲೇಜ್ ಅಥ್ಲೆಟಿಕ್ ಕಾನ್ಫರೆನ್ಸ್, ಚಿಕ್ಕದಾಗಿ ನೆಸ್ಕ್ಯಾಕ್. ಆಟ ಮಿತಿ ಮೀರಬಾರದು ಅಂತ ತಮಗೆ ತಾವೇ ಕಟ್ಟುಪಾಡು ಹಾಕಿಕೊಂಡವರು ಇವರು. ಆದರೆ ಆಟದ ಹುಚ್ಚು ಇವರಿಗೇನೂ ಕಡಿಮೆ ಇರಲಿಲ್ಲ.

1859ರ ಜುಲೈ 1ರಂದು ಮ್ಯಾಸಚೂಸೆಟ್ಸ್‌ನ ಪಿಟ್ಸ್‌ಫೀಲ್ಡ್‌ನಲ್ಲಿ ಆಮ್‌ಹರ್ಸ್ಟ್ ಮತ್ತು ವಿಲಿಯಮ್ಸ್ ಕಾಲೇಜುಗಳು ಬೇಸ್‌ಬಾಲ್ ಆಡಿದವು. ಎರಡು ಕಾಲೇಜುಗಳ ನಡುವೆ ನಡೆದ ಮೊದಲ ಬೇಸ್‌ಬಾಲ್ ಪಂದ್ಯ ಅದು. ಆಮ್‌ಹರ್ಸ್ಟ್ 73–32ರಿಂದ ಗೆದ್ದಿತು. ಮರುದಿನ ಅದೇ ಕಾಲೇಜುಗಳು ಚೆಸ್ ಬೋರ್ಡಿನ ಮುಂದೆ ಕೂತವು. ಅದರಲ್ಲೂ ಆಮ್‌ಹರ್ಸ್ಟ್‌ನದೇ ಗೆಲುವು. ಮೈಯೂ ಬೇಕು, ಬುದ್ಧಿಯೂ ಬೇಕು ಅನ್ನುವ ಹಟ ಆಗಲೇ ಇತ್ತು.

1955ರಲ್ಲಿ ಆಮ್‌ಹರ್ಸ್ಟ್, ಬೋಡನ್, ವೆಸ್ಲಿಯನ್, ವಿಲಿಯಮ್ಸ್ ಸೇರಿ ಒಂದು ಒಪ್ಪಂದ ಮಾಡಿಕೊಂಡವು. ಅದೇ ಬೆಳೆದು 1971ರಲ್ಲಿ ನೆಸ್ಕ್ಯಾಕ್ ಆಯಿತು. ಆಟಕ್ಕಾಗಿ ಸ್ಕಾಲರ್‌ಶಿಪ್ ಇಲ್ಲ, ಆಟಗಾರರನ್ನು ಹುಡುಕಿಕೊಂಡು ಕೋಚ್‌ಗಳು ಊರೂರು ಸುತ್ತುವಂತಿರಲಿಲ್ಲ, ಕೊನೆಯ ಮಾತು ಕಾಲೇಜು ಅಧ್ಯಕ್ಷರದ್ದೇ. ಐಸ್ ಹಾಕಿ ಆಟಗಾರರನ್ನು ಸೇರಿಸಿಕೊಳ್ಳುವ ತಕರಾರಿನಲ್ಲಿ ಯೂನಿಯನ್ ಕಾಲೇಜು 1977ರಲ್ಲಿ ಹೊರನಡೆಯಿತು. 1982ರಲ್ಲಿ ಕನೆಕ್ಟಿಕಟ್ ಕಾಲೇಜು ಒಳಬಂತು.

ಎಲ್ಲಕ್ಕಿಂತ ಬಿಗಿ ನಿಯಮ ಬೇರೆಯೇ ಇತ್ತು. ತಂಡ ಎಷ್ಟೇ ಚೆನ್ನಾಗಿ ಆಡಲಿ, ಅಮೆರಿಕದ ಕಾಲೇಜು ಕ್ರೀಡೆಯನ್ನು ನಡೆಸುವ ಸಂಸ್ಥೆ ಎನ್‌ಸಿಎಎಯ ರಾಷ್ಟ್ರೀಯ ಟೂರ್ನಿಗೆ ಹೋಗುವಂತಿರಲಿಲ್ಲ. ಪಾಠ, ಪರೀಕ್ಷೆ ಹಾಳಾಗಬಾರದು ಅನ್ನುವುದು ಅಧ್ಯಕ್ಷರ ವಾದ. ವರ್ಷವಿಡೀ ಬೆವರು ಹರಿಸಿ ಗೆದ್ದವರಿಗೆ ಇದು ಹೇಗೆ ರುಚಿಸೀತು? ಕೊನೆಗೆ 1993ರಲ್ಲಿ, ಸುಮ್ನೆ ಪ್ರಯೋಗ ಅಂತ ಹೇಳಿ ಬಾಗಿಲು ತೆರೆದರು. ಆಮೇಲೆ ಅದನ್ನು ಮುಚ್ಚುವುದು ಯಾರ ಕೈಲೂ ಆಗಲಿಲ್ಲ. ಈ ಕೂಟದ ಮಿಡಲ್‌ಬರಿ ಕಾಲೇಜಿನ ಪುರುಷರ ಐಸ್ ಹಾಕಿ ತಂಡ 1995ರಿಂದ 1999ರವರೆಗೆ ಸಾಲಾಗಿ ಐದು ಸಲ ತನ್ನ ವಿಭಾಗದ ರಾಷ್ಟ್ರೀಯ ಚಾಂಪಿಯನ್ ಆಯಿತು. ಅಮೆರಿಕನ್ ಫುಟ್‌ಬಾಲ್‌ಗೆ ಮಾತ್ರ ಆಗಲೂ ಬೇಲಿ ತೆಗೆಯಲಿಲ್ಲ. ಅದೊಂದಕ್ಕೇ ಯಾಕೆ ಈ ಶಿಕ್ಷೆ ಅನ್ನುವ ಪ್ರಶ್ನೆಗೆ ಒಪ್ಪುವಂಥ ಉತ್ತರ ನನಗಂತೂ ಕಂಡಿಲ್ಲ.

ಸ್ಕ್ವಾಷ್‌ನದು ಬೇರೆ ದಾರಿ. ಅದು ಎನ್‌ಸಿಎಎ ಹಿಡಿತದಲ್ಲಿಲ್ಲ, ದೊಡ್ಡ ಕಾಲೇಜು, ಸಣ್ಣ ಕಾಲೇಜು ಅಂತ ವಿಭಾಗಗಳೂ ಇಲ್ಲ. ಹೀಗಾಗಿ ನೆಸ್ಕ್ಯಾಕ್‌ನ ಟ್ರಿನಿಟಿ ಕಾಲೇಜು ಹಾರ್ವರ್ಡ್, ಯೇಲ್‌ಗಳಿಗೇ ಎದುರು ನಿಂತಿತು. 1998ರಿಂದ ಶುರುವಾಗಿ ಅದರ ಪುರುಷರ ತಂಡ ಒಂದೂ ಸೋಲಿಲ್ಲದೆ 252 ಪಂದ್ಯ ಗೆದ್ದಿತು. ಆ ಓಟ ನಿಂತಿದ್ದು 2012ರಲ್ಲಿ, ಯೇಲ್ ಎದುರು. ಆ ವರ್ಷಗಳಲ್ಲಿ ಭಾರತದಿಂದ ಹೋದ ಹುಡುಗರೂ ತಂಡದಲ್ಲಿದ್ದರು.

ಈಗಿನ ಜಗಳ ಟೂರ್ನಿಯದ್ದಲ್ಲ, ಅಡ್ಮಿಷನ್‌ನದ್ದು. ಲೆಕ್ಕ ಸರಳ. ಆಮ್‌ಹರ್ಸ್ಟ್‌ನಲ್ಲಿ ಓದುವವರು ಎರಡು ಸಾವಿರದ ಆಸುಪಾಸು. ತಂಡಗಳೋ ಇಪ್ಪತ್ತೈದಕ್ಕೂ ಜಾಸ್ತಿ. ಅವನ್ನೆಲ್ಲ ತುಂಬಬೇಕಾದರೆ ಹೆಚ್ಚುಕಡಿಮೆ ಮೂರರಲ್ಲೊಬ್ಬರು ಆಟಗಾರರೇ ಆಗಬೇಕು. ಸ್ಕಾಲರ್‌ಶಿಪ್ ಇಲ್ಲದಿದ್ದರೇನು, ಕೋಚ್ ಹೆಸರು ಸೂಚಿಸಿದರೆ ಸೀಟು ಸಿಗುವ ಸಾಧ್ಯತೆ ಹೆಚ್ಚುತ್ತದೆ. ಇಂಥ ಕಾಲೇಜುಗಳಲ್ಲಿ ಸೀಟೇ ದೊಡ್ಡ ಬಹುಮಾನ. ಹಳೆ ವಿದ್ಯಾರ್ಥಿಗಳ ಮಕ್ಕಳಿಗೆ ಕೊಡುತ್ತಿದ್ದ ಆದ್ಯತೆಯನ್ನು ಕೈಬಿಡುವುದಾಗಿ ಆಮ್‌ಹರ್ಸ್ಟ್ 2021ರಲ್ಲಿ ಹೇಳಿತು. ಕೋಚ್‌ಗಳ ಪಟ್ಟಿಯನ್ನು ಕೈಬಿಡಲಿಲ್ಲ.